ಎಡಕ್ಕೆ ತಿರುಗಿದಾಗ ಬರುವ ಸದ್ದು

ಕಾರು ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನ ಚಕ್ರದ ಕಡೆಯಿಂದ ‘ಕಟಕ್’ ಎಂದು ಸದ್ದು ಬರುತ್ತಿತ್ತು. ಅದು ಯಾವತ್ತಿನಿಂದ ಶುರುವಾಯಿತು ಎಂಬುದು ಆ ಮನೆಯಲ್ಲಿ ಸೊಸೆ ರಮ್ಯಶ್ರೀಗೆ ಮಾತ್ರ ಗೊತ್ತಿತ್ತು.

ಅವಳಿಗೆ ಕಾರು ಕಲಿಸಿದವರು ಮಾವ ಕೃಷ್ಣಪ್ಪ. ಕಾರ್ಖಾನೆಯೊಂದರ ಬಸ್ಸು ಓಡಿಸಿ ನಿವೃತ್ತರಾದವರು. ‘ಕ್ಲಚ್ ಮೇಲಿಂದ ಕಾಲು ಮೆಲ್ಲಗೆ ತೆಗಿಯಮ್ಮ, ಮಲಗಿರೋ ಮಗು ಪಕ್ಕದಿಂದ ಏಳ್ತೀವಲ್ಲ, ಹಂಗೆ’ ಎನ್ನುತ್ತಿದ್ದರು. ಲೈಸೆನ್ಸ್ ಬಂದರೂ ಒಬ್ಬಳೇ ಓಡಿಸಲು ಗಂಡ ಲಕ್ಷ್ಮೀಪತಿ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಮಾವ ಮಲಗಿದ್ದಾಗ ಅವಳು ಯಾರಿಗೂ ಹೇಳದೆ ಕುರುಬರಹಳ್ಳಿಯಿಂದ ಜ್ಞಾನಭಾರತಿಯ ವಿಶ್ವವಿದ್ಯಾಲಯದ ಆವರಣದವರೆಗೂ ಹೋದಳು. ಮರಗಳ ನಡುವಿನ ಖಾಲಿ ರಸ್ತೆಯಲ್ಲಿ ಖುಷಿಯಿಂದ ಹೋಗುತ್ತಿರುವಾಗ ನಾಯಿಯೊಂದು ಅಡ್ಡ ಬಂತು. ತಪ್ಪಿಸಲು ಹೋಗಿ ಚಕ್ರ ರಸ್ತೆಯಂಚಿನ ಕಲ್ಲಿಗೆ ಬಡಿದು ಮೋರಿಗೆ ಇಳಿಯಿತು. ದಾರಿಹೋಕರು ತಳ್ಳಿಕೊಟ್ಟರು. ಎಲ್ಲೂ ಒಂದು ಗೀರು ಕೂಡ ಬಿದ್ದಿರಲಿಲ್ಲ.

ಮನೆಗೆ ಬಂದು ಮಣ್ಣು ತೊಳೆಯುತ್ತಿರುವಾಗ ಕೃಷ್ಣಪ್ಪ ಎದ್ದು ಬಂದರು. ‘ನೀನ್ಯಾಕಮ್ಮ ತೊಳೀತೀಯ, ಕೊಡು ಇಲ್ಲಿ’ ಎಂದು ಬಕೆಟ್ ತೆಗೆದುಕೊಂಡರು. ಹೇಳಿಬಿಡಬಹುದಿತ್ತು. ಸಂಜೆ ಗಂಡನಿಗೇ ಹೇಳಿದರಾಯಿತು ಎಂದುಕೊಂಡಳು. ಸಂಜೆ ಅವನು ಆಫೀಸಿನಿಂದ ಸಿಡುಕುತ್ತ ಬಂದ.

ಸದ್ದು ಕೇಳಿದ ಲಕ್ಷ್ಮೀಪತಿ ಕಾರನ್ನು ಮಹಾಲಕ್ಷ್ಮಿ ಲೇಔಟಿನ ಯಲ್ಲಪ್ಪನ ಗ್ಯಾರೇಜಿಗೆ ಒಯ್ದ. ಗದಗದ ಕಡೆಯ ಯಲ್ಲಪ್ಪ ಒಂದು ಸುತ್ತು ಓಡಿಸಿ ನೋಡಿ, ಒಣಗಿ ಬಿರಿದಿದ್ದ ರಬ್ಬರು ಬದಲಿಸಿ, ಗ್ರೀಸ್ ಹಚ್ಚಿ ಕಳಿಸಿದ. ಸದ್ದು ನಿಂತಿತು. ರಮ್ಯಶ್ರೀಗೆ ಜೀವ ಬಂದಂತಾಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಮತ್ತೆ ‘ಕಟಕ್’ ಶುರು. ಈಗ ಸ್ಟೀರಿಂಗ್ ಕೈಯಲ್ಲಿ ನಡುಗುತ್ತಲೂ ಇತ್ತು.

‘ಅಪ್ಪ ನಿಂತಿರೋ ಗಾಡೀಲೇ ಸ್ಟೇರಿಂಗ್ ಗಿರಗಿರ ತಿರುಗಿಸ್ತಾರೆ, ಅದಕ್ಕೇ’ ಎಂದ ಲಕ್ಷ್ಮೀಪತಿ. ಕೃಷ್ಣಪ್ಪ ನಕ್ಕರು.

ಎರಡನೇ ಸಲ ಗಂಡ, ಮಾವ, ರಮ್ಯಶ್ರೀ ಮೂವರೂ ಗ್ಯಾರೇಜಿಗೆ ಹೋದರು. ಯಲ್ಲಪ್ಪ ಜಾಕಿ ಕೊಟ್ಟು ಕಾರನ್ನೆತ್ತಿ, ಚಕ್ರವನ್ನು ಎರಡೂ ಬದಿ ಹಿಡಿದು ಅಲ್ಲಾಡಿಸಿದ. ಲಟಲಟ ಎಂದಿತು. ಚಕ್ರ ಬಿಚ್ಚಿ, ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಸರಳನ್ನು ತೋರಿಸಿದ.

‘ಟೈ ರಾಡ್ ಬೆಂಡ್ ಆಗೈತ್ರೀ ಸರ. ಇದರ ತುದಿ ಜಾಯಿಂಟ್ ಸೈತ ಹೋಗೈತಿ. ಎಲ್ಲ್ಯೋ ಜೋರ್ ಬಡದೈತಿ. ಹಿಂದಿನ ಸಲಾನ ಗಾಲಿ ಬಿಚ್ಚಿ ನೋಡಬೇಕಿತ್ತು, ನಂದ ತಪ್ಪು.’

ಅಷ್ಟು ಸಲೀಸಾಗಿ ಆ ಮಾತು ಅವನ ಬಾಯಿಂದ ಬಂದದ್ದು ಕೇಳಿ ರಮ್ಯಶ್ರೀ ತಲೆ ತಗ್ಗಿಸಿದಳು.

ಲಕ್ಷ್ಮೀಪತಿ ತಂದೆಯ ಕಡೆ ತಿರುಗಿದ. ‘ಎಲ್ಲಿ ಗುದ್ದಿದ್ರಿ ಅಪ್ಪಾ?’

ಕೃಷ್ಣಪ್ಪ ಬಗ್ಗಿ ಬಾಗಿದ ಸರಳನ್ನು ನೋಡಿದರು. ‘ಗುದ್ದಿಲ್ಲ ಕಣಪ್ಪ… ನವರಂಗ್ ಸರ್ಕಲ್ ಹತ್ರ ಒಂದು ಹಳ್ಳಕ್ಕೆ ಇಳೀತು ಅನ್ಸುತ್ತೆ. ಇಳೀತಾ? ಸರಿಯಾಗಿ ನೆನಪಾಗ್ತಿಲ್ಲ.’

‘ಇನ್ಮೇಲೆ ನೀವು ಗಾಡಿ ತೆಗೀಬೇಡಿ ಬಿಡಿ.’

ಅವರು ಜೇಬಿನಿಂದ ತಮ್ಮ ಕೀ ತೆಗೆದು ಮಗನ ಕೈಗಿಟ್ಟರು. ರಮ್ಯಶ್ರೀ ಮನೆಗೆ ಹೋದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಹೇಳಲಿಲ್ಲ.

ಹೊಸ ಸರಳು ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಕಾರು ಸದ್ದಿಲ್ಲದೆ ಓಡತೊಡಗಿತು. ಅತ್ತೆ ವೆಂಕಟಲಕ್ಷ್ಮಮ್ಮನ ಮಂಡಿನೋವಿಗೆ ಆಸ್ಪತ್ರೆಗೆ ಹೋಗಬೇಕಾದಾಗ ಮಾವ ರಸ್ತೆಯಲ್ಲಿ ನಿಂತು ಆಟೋ ಕೂಗುತ್ತಿದ್ದರು. ರಮ್ಯಶ್ರೀ ಕಿಟಕಿಯಿಂದ ಒಳಗೆ ಸರಿಯುತ್ತಿದ್ದಳು.

ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಕೋಣೆಯೊಳಗಿಂದ ಮಾವನ ದನಿ ಕೇಳಿಸಿತು.

‘ಏನೇ, ನಾನು ಹೇಳಿದ್ದೇ ಹೇಳ್ತಿರ್ತೀನಾ? ಸರಳು ಬಾಗೋ ಹಂಗೆ ಬಡಿದಿದೆ ಅಂದ್ರೆ ಗೊತ್ತಾಗ್ಬೇಕು ತಾನೆ? ನಂಗೆ ಒಂಚೂರೂ ನೆನಪಿಲ್ಲ. ನಮ್ಮಣ್ಣಂಗೂ ಹಿಂಗೇ ಮರೆವು ಶುರುವಾಗಿದ್ದು. ಡಾಕ್ಟರಿಗೆ ತೋರಿಸ್ಲಾ?’

ರಮ್ಯಶ್ರೀ ಒಳಗೆ ಹೋಗಿ ಲೋಟಗಳನ್ನು ಕೆಳಗಿಟ್ಟಳು. ‘ನಿಮಗೆ ಮರೆವಿಲ್ಲ ಮಾವ. ಗುದ್ದಿದ್ದು ನಾನು’ ಎಂದವಳು ಜ್ಞಾನಭಾರತಿ, ನಾಯಿ, ಮೋರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

‘ನಿಂಗೇನೂ ಪೆಟ್ಟಾಗ್ಲಿಲ್ವೇನೇ?’ ಎಂದರು ಅತ್ತೆ.

ಕೃಷ್ಣಪ್ಪ ಕಾಫಿ ಮುಟ್ಟಲಿಲ್ಲ. ‘ಕಲ್ಲಿಗೆ ಬಡಿಯೋದು ಯಾರಿಗಾದ್ರೂ ಆಗುತ್ತೆ’ ಎಂದು ನಿಧಾನವಾಗಿ ಹೇಳಿದರು. ‘ಅವತ್ತು ಗ್ಯಾರೇಜಲ್ಲಿ ಪಕ್ಕದಲ್ಲೇ ನಿಂತಿದ್ದೆಯಲ್ಲಮ್ಮ.’

 ರಾತ್ರಿ ಗಂಡ ಕೂಗಾಡಿದ್ದು ಆ ಮಾತಿನ ಮುಂದೆ ಅವಳಿಗೆ ಏನೂ ಅನ್ನಿಸಲಿಲ್ಲ. ಲಕ್ಷ್ಮೀಪತಿ ತಂದೆಗೆ ಕೀ ವಾಪಸ್ಸು ಕೊಟ್ಟ. ಅವರು ‘ಇರಲಿ’ ಎಂದು ಫ್ರಿಜ್ಜಿನ ಮೇಲಿಟ್ಟರು. ಅದು ಅಲ್ಲೇ ಧೂಳು ತಿನ್ನುತ್ತಿತ್ತು.

ಕೊನೆಗೆ ಅತ್ತೆಯೇ ಆಟೋ ಹತ್ತಲಾರೆ ಎಂದು ಹಟ ಹಿಡಿದ ದಿನ ಕೃಷ್ಣಪ್ಪ ಕೀ ಎತ್ತಿಕೊಂಡು, ‘ನೀನೂ ಬಾಮ್ಮ’ ಎಂದು ಸೊಸೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಚೆನ್ನಾಗಿಯೇ ಓಡಿಸಿದರು. ಅವಳಿಗೆ ಸ್ವಲ್ಪ ಹಗುರಾಯಿತು. ನವರಂಗ್ ಹತ್ತಿರ ಸಿಗ್ನಲ್ ಬಿದ್ದಾಗ ಅವರು ಅವಳ ಕಡೆ ವಾಲಿ, ಹಿಂದೆ ಕೂತ ಹೆಂಡತಿಗೆ ಕೇಳಿಸದಂತೆ ಕೇಳಿದರು:

‘ಇಲ್ಲಿ ಬಲಕ್ಕೇ ಅಲ್ವೇನಮ್ಮ?’

ಮೂವತ್ತು ವರ್ಷ ಅವರು ಬಸ್ಸು ತಿರುಗಿಸಿದ್ದ ಜಾಗ ಅದು.

‘ಹೌದು ಮಾವ, ಬಲಕ್ಕೇ’ ಎಂದಳು ರಮ್ಯಶ್ರೀ. ಅವರ ಮುಖ ನೋಡಲು ಅವಳಿಗೆ ಆಗಲಿಲ್ಲ.