ಎಣ್ಣೆಯ ಅಂಶ

"ಕೈಗೇನು ಹಚ್ಚಿಕೊಂಡು ಬಂದಿದ್ದೀರಿ?"

ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅವಳ ಮೇಜಿನ ಮೇಲೆ ಒಡೆದ ಗ್ಲೌಸುಗಳ ಸಣ್ಣದೊಂದು ರಾಶಿ ಬಿದ್ದಿತ್ತು. ಆಪರೇಷನ್ ಮಾಡುವ ಡಾಕ್ಟರುಗಳಿಗೆ ರಬ್ಬರ್ ಗ್ಲೌಸು ತಯಾರಿಸುವ ಕಾರ್ಖಾನೆ ಅದು. ಒಂದೊಂದು ಗ್ಲೌಸನ್ನೂ ಗಾಳಿಯ ನಳಿಕೆಗೆ ಸಿಕ್ಕಿಸಿ, ಊದಿಸಿ, ದೀಪಕ್ಕೆ ಹಿಡಿದು ಎಲ್ಲಾದರೂ ತೂತಿದೆಯೇ ಎಂದು ನೋಡುವುದು ಈ ಕೋಣೆಯ ಕೆಲಸ. ಊದಿಕೊಂಡ ಗ್ಲೌಸು ಹಸುವಿನ ಕೆಚ್ಚಲಿನ ಹಾಗೆ ಕಾಣುತ್ತದೆ. ಹೊಸಬರೆಲ್ಲ ಮೊದಲ ವಾರ ಅದನ್ನು ನೋಡಿ ಮುಸಿಮುಸಿ ನಗುತ್ತಾರೆ, ಆಮೇಲೆ ಕುತ್ತಿಗೆ ನೋವು ಶುರುವಾಗಿ ನಗು ನಿಲ್ಲುತ್ತದೆ. ಇಲ್ಲಿಯ ಹಳಬಳಾದ, ಎಲ್ಲರೂ ಗಾಳಿಯಕ್ಕ ಎಂದು ಕರೆಯುವ ಚೆಕಿಂಗ್‌ನವಳು ಒಡೆದ ಗ್ಲೌಸೊಂದನ್ನು ಎತ್ತಿಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ಜಿಡ್ಡು. ಸುಳ್ಳು ಹೇಳ್ಬೇಡಿ."

"ಕೈ ಒಡೀತಿತ್ತಕ್ಕ. ಮಗಳದ್ದೊಂದು ಕ್ರೀಮಿತ್ತು, ಒಂದು ಚೂರು ಹಚ್ಕೊಂಡೆ. ಆಮೇಲೆ ಒರೆಸ್ಕೊಂಡಿದ್ದೆ."

"ಒರೆಸ್ಕೊಂಡ್ರೆ ಹೋಗುತ್ತಾ? ಸೇರಿದ ದಿನಾನೇ ಬಡ್ಕೊಂಡಿದ್ದೀನಿ, ಎಣ್ಣೆಯ ಅಂಶ ಇರೋದು ಯಾವುದೂ ಈ ಕೋಣೆಗೆ ಬರಬಾರದು ಅಂತ. ರಬ್ಬರ್‌ಗೆ ಎಣ್ಣೆ ತಗಲಿದ್ರೆ ಮೇಲ್ನೋಟಕ್ಕೆ ಏನೂ ಗೊತ್ತಾಗಲ್ಲ. ಚೆನ್ನಾಗೇ ಇರುತ್ತೆ. ಬೇಕಾದ ಹೊತ್ತಿಗೆ ಕೈ ಕೊಡುತ್ತೆ. ಈ ಕ್ರೀಮುಗಳೆಲ್ಲಾ..."

ಗಾಳಿಯಕ್ಕನ ಮಾತು ಅಲ್ಲಿಗೇ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

"ಏನಾಯ್ತಕ್ಕ?"

"ಏನಿಲ್ಲ. ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ."

ಹೊಸಬಳನ್ನು ಕೈ ತೊಳೆಯಲು ಕಳಿಸಿದವಳು ತಾನೂ ಅವಳ ಹಿಂದೆಯೇ ಹೋಗಿ, ಶೌಚಾಲಯದ ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿ ನಿಂತಳು. ಕಳೆದ ವಾರವಿಡೀ ಮಲಗುವ ಮುಂಚೆ ಅವಳು ಒಳಗೆ ಹಾಕಿಕೊಂಡ ಬಿಳಿ ಔಷಧಿಯೂ ಕ್ರೀಮೇ. ಔಷಧಿ ಹಾಕಿಕೊಳ್ಳುವ ಪ್ಲಾಸ್ಟಿಕ್ ನಳಿಕೆಗೆ ತುಂಬಿಸುವಾಗ ಬೆರಳಿಗೆ ಮೆತ್ತಿಕೊಂಡದ್ದು ಬರೀ ನೀರಿಗೆ ಹೋಗದೆ, ಎರಡೆರಡು ಸಲ ಸೋಪು ಹಾಕಬೇಕಾಗಿತ್ತು. ದಿನವಿಡೀ ಊರಿನವರ ಕೈಯಲ್ಲಿ ಜಿಡ್ಡು ಹುಡುಕುವವಳಿಗೆ ತನ್ನ ಕೈಯ ಜಿಡ್ಡು ಜಿಡ್ಡು ಅನಿಸಿರಲಿಲ್ಲ. ಔಷಧಿ ಅನಿಸಿತ್ತು. ಮೊನ್ನೆ ರಾತ್ರಿ ಗಂಡ ಕಾಂಡೋಮ್ ಬಳಸಿದ್ದ, ಎಂದಿನಂತೆ.

ಎಲ್ಲ ಶುರುವಾದದ್ದು ಒಂದು ವಾಸನೆಯಿಂದ. ಮೈಯಿಂದ ಹಳಸಿದ ಮೀನಿನಂಥ ವಾಸನೆ ಬರುತ್ತಿದೆ, ಇಡೀ ಕೋಣೆಗೆ ಗೊತ್ತಾಗುತ್ತಿದೆ ಎಂದು ಅವಳು ಒಳಗೊಳಗೇ ಸಾಯುತ್ತಿದ್ದಳು. ಅಕ್ಕಪಕ್ಕದವರು ಮೂಗು ಒರೆಸಿಕೊಂಡರೂ ತನ್ನಿಂದಲೇ ಎನಿಸುತ್ತಿತ್ತು. ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಚ್ಚಲಿಗೆ ಹೋಗಿ ಸೋಪು ಹಾಕಿ ಒಳಗೆಲ್ಲ ತಿಕ್ಕಿ ತೊಳೆದಳು. ತೊಳೆದಷ್ಟೂ ಜಾಸ್ತಿಯಾಯಿತು. ಕೊನೆಗೆ ಅತ್ತೆಯೇ ಒಂದು ದಿನ ಬಚ್ಚಲಿನ ಬಾಗಿಲು ಬಡಿದು, "ಏನೇ ಅದು, ನೀರಲ್ಲೇ ಸಂಸಾರ ಮಾಡ್ತೀಯಾ? ನಡಿ, ಡಾಕ್ಟರ ಹತ್ರ ಹೋಗೋಣ" ಎಂದು ಕರೆದುಕೊಂಡು ಹೋದರು.

ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಅವರ ಮುಂದೆ ಖಾರವಾಗಿ ನಾಲ್ಕು ಮಾತು ಆಡಬಹುದಿತ್ತು. ಅವರು ಸೊಸೆಯ ಪಕ್ಕದ ಕುರ್ಚಿಯಲ್ಲೇ ಕೂತು, ಅವಳ ಕಾಯಿಲೆಯನ್ನು ಅವಳಿಗಿಂತ ಚೆನ್ನಾಗಿ ವಿವರಿಸಿದರು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಇದು ಕೊಳಕಿನಿಂದ ಬಂದಿದ್ದಲ್ಲ ಕಣ್ರೀ, ನಾಚಿಕೆ ಪಡೋ ವಿಷಯ ಏನಿಲ್ಲ. ಒಳಗಿರಬೇಕಾದ ಒಳ್ಳೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ಜಾಸ್ತಿಯಾಗಿವೆ. ಮೊದಲು ಆ ಸೋಪು ನಿಲ್ಲಿಸಿ" ಎಂದರು. ಮಲಗುವಾಗ ಕ್ರೀಮು ಹಾಕಿಕೊಳ್ಳಬೇಕು, ವಾಸನೆ ಹೋಯಿತು ಎಂದು ಅರ್ಧಕ್ಕೆ ಬಿಡಬಾರದು, ಮುಗಿಯುವವರೆಗೆ ಗಂಡನಿಂದ ದೂರ ಇರಬೇಕು. ಅಷ್ಟು ಹೇಳಿ ಬರೆಯುತ್ತಲೇ ಕೇಳಿದರು: "ಬಸುರಾಗದ ಹಾಗೆ ಏನಾದ್ರೂ ಬಳಸ್ತಿದ್ದೀರಾ?"

ಅವಳು ಬಾಯಿ ಬಿಡುವ ಮುಂಚೆ ಅತ್ತೆ, "ಅಯ್ಯೋ ಇಲ್ಲ ಡಾಕ್ಟ್ರೇ. ಇನ್ನೊಂದು ಬೇಕು ಅಂತಾನೇ ಇದ್ದೀವಿ. ಮೊಮ್ಮಗಳಿಗೆ ಆಗಲೇ ನಾಲ್ಕು ತುಂಬಿ ಐದು" ಎಂದರು. ಆ 'ಇದ್ದೀವಿ'ಯಲ್ಲಿ ಅತ್ತೆ ತಮ್ಮನ್ನೂ ಸೇರಿಸಿಕೊಂಡ ರೀತಿಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಡಾಕ್ಟರಮ್ಮ ಕತ್ತೆತ್ತಿ ಅವಳ ಕಡೆ ನೋಡಿದರು. ಅವಳು ಹೂಂ ಎಂದಳು.

ಔಷಧಿಯ ಜೊತೆ ಬಂದಿದ್ದ ಮಡಚಿದ ಚೀಟಿಯನ್ನಾದರೂ ಓದಬಹುದಿತ್ತು. ಆದರೆ ಮಗಳು ಆಗಷ್ಟೇ ಅಕ್ಷರ ಕೂಡಿಸಲು ಕಲಿತು, ಸೋಪಿನ ಪೊಟ್ಟಣದಿಂದ ಬಸ್ಸಿನ ಬೋರ್ಡಿನವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಗಂಟಲು ಹರಿದುಕೊಂಡು ಓದುತ್ತಿದ್ದಳು. ಆ ಡಬ್ಬಿಯ ಮೇಲಿನ ಅಕ್ಷರಗಳನ್ನು ಮಗಳು ಪಕ್ಕದ ಮನೆಗೆ ಕೇಳುವ ಹಾಗೆ ಓದುವುದನ್ನು ನೆನೆಸಿಕೊಂಡೇ ಅವಳಿಗೆ ಬೆವರು ಬಂದಿತ್ತು. ಟ್ಯೂಬು, ನಳಿಕೆಗಳನ್ನು ಮಾತ್ರ ಚೀಲದ ತಳಕ್ಕೆ ತುರುಕಿ, ಡಬ್ಬಿಯನ್ನು ಚೀಟಿ ಸಮೇತ ರಸ್ತೆಯ ತಿರುವಿನ ಕಸದ ತೊಟ್ಟಿಗೆ ಹಾಕಿದ್ದಳು.

ಇನ್ನೊಂದು ಮಗು ಬೇಡ ಎನ್ನುವುದು ಗಂಡ ಹೆಂಡತಿಯ ಹಟವಾಗಿರಲಿಲ್ಲ. ಮಗಳು ಹುಟ್ಟಿದ ದಿನ ಅವಳಿಗೆ ರಕ್ತ ನಿಂತಿರಲಿಲ್ಲ. ಸುತ್ತ ನಿಂತಿದ್ದವರ ಗ್ಲೌಸುಗಳು ಮಣಿಕಟ್ಟಿನವರೆಗೂ ಕೆಂಪಾಗಿದ್ದವು. ಯಾರೋ "ಪ್ರೆಶರ್ ಸಿಗ್ತಿಲ್ಲ" ಎಂದು ಕೂಗಿದ್ದರು. ಆ ಗ್ಲೌಸು ತಮ್ಮ ಕಾರ್ಖಾನೆಯದೇ ಇರಬಹುದೇ ಎಂಬ ಹುಚ್ಚು ಯೋಚನೆ ಬಂದು, ಅದರ ನಂತರ ಏನೂ ನೆನಪಿರಲಿಲ್ಲ. ಮನೆಗೆ ಕಳಿಸುವಾಗ ದೊಡ್ಡ ಡಾಕ್ಟರು ಗಂಡನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಬಸುರಾದರೆ ಉಳಿಸಿಕೊಳ್ಳುವ ಭರವಸೆ ಕೊಡಲಾರೆ ಎಂದಿದ್ದರು. ಅತ್ತೆಗೆ ಆಗಲೇ ಎದೆನೋವು. ಅವರಿಗೆ ಹೇಳಿದ್ದು, ರಕ್ತ ಸ್ವಲ್ಪ ಜಾಸ್ತಿ ಹೋಯಿತು, ಒಂದು ಬಾಟಲಿ ಹಾಕಿದರು, ಅಷ್ಟೇ. ಆ ಮನೆಯಲ್ಲಿ ಎಲ್ಲರೂ ಎಲ್ಲರ ನೆಮ್ಮದಿಗಾಗಿ ಏನಾದರೊಂದು ಮುಚ್ಚಿಡುವವರೇ.

ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಲಿಫ್ಟ್ ಮೆಕ್ಯಾನಿಕ್. ಯಾವುದೋ ಕಟ್ಟಡದ ಹೊಂಡದೊಳಗಿನಿಂದ ಅವನ ದನಿ ಬಾವಿಯಿಂದ ಬಂದ ಹಾಗೆ ಬಂತು.

"ಹೇಳೇ, ಬೇಗ ಹೇಳು, ಕೈಯಲ್ಲಿ ಕೆಲಸ ಇದೆ."

"ರೀ, ಮೊನ್ನೆ ರಾತ್ರಿ... ಅದು ಸರಿಯಾಗೇ ಇತ್ತಲ್ವಾ?"

ಅವನು 'ಯಾವುದು' ಎಂದು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವಳಿಗೆ ಅರ್ಧ ಉತ್ತರ ಸಿಕ್ಕಿತು.

"ಹರಿದಿತ್ತು ಕಣೇ," ಎಂದ ಅವನು ಆಮೇಲೆ. "ಸ್ವಲ್ಪ."

"ಸ್ವಲ್ಪ ಅಂದ್ರೇನ್ರೀ, ಸ್ವಲ್ಪ ಬಸುರಾಗ್ತಾರಾ? ಯಾಕೆ ಹೇಳ್ಲಿಲ್ಲ?"

"ರಾತ್ರಿ ಹೇಳಿ ನಿನಗೆ ಸುಮ್ನೆ ಗಾಬರಿ ಯಾಕೆ, ಬೆಳಗ್ಗೆ ಹೇಳೋಣ ಅಂದ್ಕೊಂಡೆ. ಬೆಳಗ್ಗೆ ನೋಡಿದ್ರೆ ನೀನು ನಗ್ತಾ ಓಡಾಡ್ತಿದ್ದೆ. ಎಷ್ಟು ದಿನ ಆಗಿತ್ತು ನೀನು ಹಾಗೆ ನಕ್ಕು."

ಅವಳಿಗೆ ಅವನನ್ನು ಬಾಯಿಗೆ ಬಂದ ಹಾಗೆ ಬಯ್ಯಬೇಕು ಅನಿಸಿತು. ಬಯ್ಯುತ್ತಾ ನಿಲ್ಲಲು ಹೊತ್ತಿರಲಿಲ್ಲ. "ಡಾಕ್ಟರ ಹತ್ರ ಹೋಗ್ತಿದ್ದೀನಿ. ಅಲ್ಲಿಗೇ ಬನ್ನಿ" ಎಂದು ಫೋನಿಟ್ಟಳು. ಸೂಪರ್‌ವೈಸರ್ ಹತ್ತಿರ ತಲೆಸುತ್ತು ಎಂದು ಹೇಳಿ ರಜೆ ಕೇಳಿದಾಗ ಅವನು ಅವಳ ಮುಖ ನೋಡಿ ಮರುಮಾತಾಡದೆ ಒಪ್ಪಿದ.

ಡಾಕ್ಟರಮ್ಮ ಆವತ್ತು ಬರೆದುಕೊಟ್ಟಿದ್ದ ಚೀಟಿ ತೆಗೆದುಕೊಂಡು ಯಾರಿಗೂ ಹೇಳದೆ ಹೊರಡುವುದು ಎಂದುಕೊಂಡು ಮನೆಗೆ ಬಂದಳು. ಆ ಮನೆಯಲ್ಲಿ ಅತ್ತೆಗೆ ಗೊತ್ತಾಗದೆ ಬೆಕ್ಕೂ ಒಳಗೆ ಬರುತ್ತಿರಲಿಲ್ಲ.

"ಇದೇನು ಇಷ್ಟು ಹೊತ್ತಿಗೇ? ಮುಖ ಯಾಕೆ ಹಾಗಿದೆ?"

"ಡಾಕ್ಟರ ಹತ್ರ ಹೋಗ್ಬರ್ತೀನಿ ಅತ್ತೆ. ಸುಮ್ನೆ. ಔಷಧಿ ಮುಗೀತಲ್ಲ, ತೋರಿಸ್ಕೊಂಡು ಬರೋಕೆ."

"ನಾನೂ ಬರ್ತೀನಿ ಇರು."

"ಬೇಡ ಅತ್ತೆ, ಪುಟ್ಟಿ ಸ್ಕೂಲಿಂದ..."

"ಪಕ್ಕದ ಮನೆಯವಳು ಕರ್ಕೊಂಡು ಬರ್ತಾಳೆ. ನಡಿ."

ದಾರಿಯುದ್ದಕ್ಕೂ ಅವಳು ಬೇಗ ಬೇಗ ನಡೆದಳು. ಅತ್ತೆ ಏದುಸಿರು ಬಿಡುತ್ತಾ ಹಿಂದೆ ಬಿದ್ದರೂ ನಿಲ್ಲು ಎನ್ನಲಿಲ್ಲ. ಕ್ಲಿನಿಕ್ಕಿನಲ್ಲಿ ಮುಂದಿದ್ದವರೆಲ್ಲ ಸಾವಕಾಶವಾಗಿ ತಮ್ಮ ಕೆಮ್ಮು, ನೆಗಡಿ, ಮಂಡಿನೋವುಗಳನ್ನು ಒಳಗೆ ಒಯ್ದು ಹೊರಗೆ ತಂದರು. ಒಬ್ಬೊಬ್ಬರು ಬರುವಷ್ಟರಲ್ಲಿ ಅವಳಿಗೆ ಯುಗ ಕಳೆದಂತಾಯಿತು. ಅವಳ ಹೆಸರು ಕರೆದಾಗ ಅತ್ತೆಯೂ ಎದ್ದರು.

ಅತ್ತೆಗೆ ಹೊರಗೇ ಕೂತಿರಿ ಎನ್ನಬೇಕು ಎಂದು ನಾಲಿಗೆಯ ತುದಿಯವರೆಗೆ ಬಂತು. ಹಾಗೆಂದರೆ ಯಾಕೆ ಎಂದು ಅವರು ಕೇಳುತ್ತಾರೆ, ಅದಕ್ಕೆ ಇನ್ನೊಂದು ಸುಳ್ಳು ಹುಡುಕಬೇಕು. ಅವಳಿಗೆ ಸಾಕಾಗಿ ಹೋಗಿತ್ತು. ಕುರ್ಚಿಯಲ್ಲಿ ಕೂತವಳೇ, ಮೇಜಿನ ಮೇಲಿನ ಪೆನ್ನಿನ ಡಬ್ಬಿ ನೋಡುತ್ತಾ ಒಂದೇ ಉಸಿರಿನಲ್ಲಿ ಹೇಳಿದಳು.

"ಡಾಕ್ಟ್ರೇ, ಆವತ್ತು ನಾನು ಸುಳ್ಳು ಹೇಳಿದೆ. ನಾವು ಕಾಂಡೋಮ್ ಬಳಸ್ತೀವಿ, ಮಗಳು ಹುಟ್ಟಿದಾಗಿಂದ. ಕ್ರೀಮು ಮುಗಿದ ಮಾರನೇ ದಿನ ಸೇರಿದ್ವಿ. ಅದು ಹರಿದು ಹೋಗಿದೆ. ನನಗೆ ಬಸುರು ನಿಂತರೆ ನಾನು ಉಳಿಯಲ್ಲ."

ಪಕ್ಕದ ಕುರ್ಚಿ ಕಿರ್ ಎಂದಿತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೆರಿಗೆಯ ವಿಷಯ ಒಂದೊಂದಾಗಿ ಕೇಳಿದರು. ಅವಳು ಹೇಳುತ್ತಾ ಹೋದಳು: ನಿಲ್ಲದ ರಕ್ತ, ಮತ್ತೆ ಆಪರೇಷನ್ನು, ದೊಡ್ಡ ಡಾಕ್ಟರ ಮಾತು. "ರಕ್ತ ಸ್ವಲ್ಪ ಜಾಸ್ತಿ ಹೋಯ್ತು ಅಂದಿದ್ರಲ್ಲ" ಎಂದು ಅತ್ತೆ ಮೆಲ್ಲಗೆ ಅಂದರು.

"ಆ ಕ್ರೀಮಿನಲ್ಲಿ ಎಣ್ಣೆಯ ಅಂಶ ಇದೆ," ಎಂದರು ಡಾಕ್ಟರಮ್ಮ. "ಹಾಕ್ಕೊಳ್ಳೋದು ಮುಗಿದ ಮೇಲೂ ಕೆಲವು ದಿನ ಕಾಂಡೋಮನ್ನ ನಂಬೋ ಹಾಗಿಲ್ಲ. ನೀವು ಇಲ್ಲ ಅಂದಿದ್ದಕ್ಕೆ ನಾನು ಸುಮ್ಮನಾದೆ. ನೀವು ಇಲ್ಲ ಅಂದ್ರೂ ನಾನು ಹೇಳಬೇಕಿತ್ತು, ನಿಮ್ಮನ್ನ ಒಬ್ಬರನ್ನೇ ಕೂರಿಸಿ ಕೇಳಬೇಕಿತ್ತು. ಇರಲಿ. ಬೇಗ ಬಂದಿದ್ದೀರಿ, ಸಮಯ ಮೀರಿಲ್ಲ. ಮಾತ್ರೆ ಇದೆ, ಆದರೆ ನಿಮ್ಮ ಪರಿಸ್ಥಿತಿಗೆ ಕಾಪರ್-ಟಿ ಅದಕ್ಕಿಂತ ಭದ್ರ. ಸೋಂಕು ಪೂರ್ತಿ ಹೋಗಿದೆಯಾ ನೋಡ್ತೀನಿ, ಎಲ್ಲ ಸರಿಯಿದ್ರೆ ಈಗಲೇ ಹಾಕ್ತೀನಿ. ಮುಂದಕ್ಕೂ ಚಿಂತೆ ಇರಲ್ಲ."

"ಖಂಡಿತ ನಿಲ್ಲಲ್ವಾ ಡಾಕ್ಟ್ರೇ?"

"ನೂರಕ್ಕೆ ನೂರು ಅಂತ ನಾನು ಯಾವುದಕ್ಕೂ ಹೇಳಲ್ಲ. ತುಂಬಾ ಕಡಿಮೆ ಸಾಧ್ಯತೆ. ಮುಟ್ಟು ಬರೋದು ತಡವಾದ್ರೆ ಕಾಯ್ತಾ ಕೂರಬೇಡಿ, ಬಂದು ಪರೀಕ್ಷೆ ಮಾಡಿಸ್ಕೊಳ್ಳಿ. ವಾಸನೆ ಮತ್ತೆ ಬಂದ್ರೂ ಅಷ್ಟೇ, ಅದೇ ಕ್ರೀಮು ಅಂಗಡಿಯಿಂದ ನೀವೇ ತಂದು ಹಾಕ್ಕೋಬೇಡಿ." ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮ, ನೀವು ಸ್ವಲ್ಪ ಹೊರಗಿರಿ" ಎಂದರು.

ಅತ್ತೆ ಏಳಲು ಎರಡು ಸಲ ಪ್ರಯತ್ನಿಸಿ, ಮೇಜು ಹಿಡಿದುಕೊಂಡು ಎದ್ದು, ಸೊಸೆಯ ಮುಖ ನೋಡದೆ ಹೊರಗೆ ಹೋದರು.

ಪರೀಕ್ಷೆಯ ಮಂಚ ಬಾಗಿಲಿನ ಪಕ್ಕದಲ್ಲೇ, ಒಂದು ಪರದೆಯ ಆಚೆಗಿತ್ತು. ನರ್ಸ್ ಸಾಮಾನು ತರಲು ಹೋಗಿದ್ದರಿಂದ ಬಾಗಿಲು ಓರೆಯಾಗಿತ್ತು. ಅವಳು ಕಾಲು ಮಡಚಿಕೊಂಡು ಮಲಗಿ ಮೇಲ್ಛಾವಣಿ ನೋಡುತ್ತಿದ್ದಳು. ಅತ್ತೆಯ ಎದೆಗೆ ಏನಾದರೂ ಆದರೆ ಎಂಬ ಹೆದರಿಕೆ, ತನ್ನೊಳಗೆ ಆಗಲೇ ಏನಾದರೂ ಶುರುವಾಗಿದ್ದರೆ ಎಂಬ ಹೆದರಿಕೆ, ಎರಡೂ ಒಟ್ಟಿಗೇ ಇದ್ದವು. ಹೊರಗೆ ಓಡಿಬಂದ ಬೂಟಿನ ಸದ್ದಾಯಿತು. ಗಂಡ ಬಂದಿದ್ದ.

"ಅಮ್ಮಾ? ನೀನ್ಯಾಕೆ ಬಂದೆ? ಅವಳೆಲ್ಲಿ?"

"ಒಳಗಿದ್ದಾಳೆ." ಅತ್ತೆಯ ದನಿ ಒಣಗಿತ್ತು. "ಆವತ್ತು ಅವಳಿಗೆ ಎಷ್ಟು ಬಾಟಲಿ ರಕ್ತ ಹಾಕಿದ್ರೋ?"

"ಈಗ ಅದೆಲ್ಲ ಯಾಕಮ್ಮ..."

"ಕೇಳಿದ್ದಕ್ಕೆ ಹೇಳು."

ಅವನು ಏನೆಂದನೋ ಅವಳಿಗೆ ಕೇಳಿಸಲಿಲ್ಲ.

"ಪ್ರತಿ ತಿಂಗಳೂ ಕೇಳ್ತಿದ್ನಲ್ಲೋ ಅವಳನ್ನ," ಎಂದರು ಅತ್ತೆ. "ಏನಾದ್ರೂ ವಿಶೇಷ ಉಂಟೇನೇ ಅಂತ. ನಗ್ತಾ ಕೇಳ್ತಿದ್ದೆ."

"ಕೂತ್ಕೋಮ್ಮ. ಅಲ್ಲಿ ಕುರ್ಚಿ ಇದೆ."

ನರ್ಸ್ ತಟ್ಟೆ ಹಿಡಿದು ಬಂದಳು, ಬಾಗಿಲು ಹಾಕುವುದನ್ನು ಮರೆತಳು. ಡಾಕ್ಟರಮ್ಮ ಸೋಂಕು ಹೋಗಿದೆ ಎಂದರು, ಸ್ವಲ್ಪ ನೋಯುತ್ತದೆ, ಉಸಿರು ನಿಧಾನ ಬಿಡಿ ಎಂದರು. ಅವಳು ತಲೆಯನ್ನು ಪಕ್ಕಕ್ಕೆ ವಾಲಿಸಿದಳು. ಪರದೆ ನೆಲದವರೆಗೆ ಇರಲಿಲ್ಲ. ಅದರ ಕೆಳಗೆ, ಬಾಗಿಲಿನ ಹೊಸ್ತಿಲಿಗೆ ತಾಗಿಕೊಂಡು ಅತ್ತೆಯ ಪಾದಗಳು ಕಾಣುತ್ತಿದ್ದವು. ಒಂದರಲ್ಲಿ ಅವರದೇ ಕಂದು ಚಪ್ಪಲಿ, ಇನ್ನೊಂದರಲ್ಲಿ ಸೊಸೆ ಮನೆಯಲ್ಲಿ ಹಾಕುವ ನೀಲಿ ಚಪ್ಪಲಿ. ಅಷ್ಟು ದೂರ ಹಾಗೇ ನಡೆದು ಬಂದಿದ್ದರು. ಗಂಡನ ಬೂಟುಗಳು ಕುರ್ಚಿಯ ಕಡೆಗೆ ಹೋದವು, ತಿರುಗಿ ಬಂದವು, ಮತ್ತೆ ಹೋದವು. ಆ ಎರಡು ಪಾದಗಳು ಮಾತ್ರ ಅಲ್ಲಿಂದ ಕದಲಲಿಲ್ಲ.