ಮೂರು ಗಂಟೆಯ ಪಾಠ

ಸ್ಮಶಾನದಿಂದ ಬಂದು ಮಿಂದ ಗಣಪತಿ ತಲೆಯ ನೀರನ್ನೂ ಒರೆಸಿಕೊಳ್ಳದೆ ಹೆಂಡತಿಯ ಲ್ಯಾಪ್‌ಟಾಪ್ ತೆರೆದು ಕೂತರು. ಮೂರಕ್ಕೆ ಇನ್ನು ಹತ್ತೇ ನಿಮಿಷ.

“ಅಪ್ಪಾ, ಇವತ್ತ ಬ್ಯಾಡ. ಕ್ಲಾಸ್ ಕ್ಯಾನ್ಸಲ್ ಅಂತ ಮೆಸೇಜ್ ಹಾಕ್ತೀನಿ,” ಎಂದಳು ಮಗಳು ಅರ್ಪಿತಾ. ಅಹಮದಾಬಾದಿನಿಂದ ನಸುಕಿನಲ್ಲೇ ಕಾರು ಓಡಿಸಿಕೊಂಡು ಬಂದಿದ್ದಳು.

“ಹಾಕಬ್ಯಾಡವ್ವಾ. ಡ್ಯೂಟಿ ನಡುವ ಅರ್ಧ ತಾಸು ಕದ್ದು ಬರ್ತಾರ ಆ ನರ್ಸ್ ಹುಡುಗ್ಯಾರು.”

ಊಟದ ಡಬ್ಬಿ ತಂದ ಕೆಳಗಿನ ಮನೆಯ ಹೋಟೆಲ್ ಮಾಲೀಕ ಜನಾರ್ದನ ಶೆಟ್ಟರು ಬಾಗಿಲಲ್ಲೇ ನಿಂತರು. “ಎರಡು ತುತ್ತು ತಿಂದು ಮತ್ತೆ ಕೂತ್ಕೊಳ್ಳಿ ಮಾರಾಯ್ರೆ.”

“ಆಮ್ಯಾಲೆ ಶೆಟ್ರ.”

ಸರದಿಯಲ್ಲಿ ಐದು ತಾಸು ಕಾಯ್ದು ಹೆಂಡತಿ ಕಮಲಾಕ್ಷಿಯನ್ನು ಬೆಂಕಿಗೆ ಒಪ್ಪಿಸಿ ಬಂದಿದ್ದರು. ನಿನ್ನೆ ಸಂಜೆ ಚಹಾ ಸೋಸುತ್ತ ಕುಸಿದವಳು ಏಳಲಿಲ್ಲ. ಕೊರೊನಾ ಅಲ್ಲ, ಹೃದಯ. ಆದರೂ ಎರಡನೇ ಅಲೆಯ ಅಂಜಿಕೆಗೆ ವಡೋದರಾದಲ್ಲಿ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಅಂತ್ಯಕ್ರಿಯೆಗೆ ಬಂದವರು ಏಳೇ ಜನ.

*

ಹಿಂದಿನ ವರ್ಷ, ಕೊರೊನಾದ ಮೊದಲ ಅಲೆಯಲ್ಲಿ, ರೈಲ್ವೆ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿ ನಿವೃತ್ತಳಾಗಿದ್ದ ಕಮಲಾಕ್ಷಿಗೆ ಸೂರತ್ತಿನಿಂದ ನಳಿನಿ ಫೋನ್ ಮಾಡಿದ್ದಳು. ಒಂದು ಕಾಲಕ್ಕೆ ಅವಳ ಕೈಕೆಳಗೆ ಕೆಲಸ ಕಲಿತ ಬೆಳಗಾವಿಯ ಹುಡುಗಿ.

“ಅಕ್ಕೋರ, ಇವತ್ತ ವಾರ್ಡಿನ್ಯಾಗ ನಾಕು ಮಂದಿ ಹೋದ್ರು. ಕೆಲಸ ಬಿಟ್ಟು ಊರಿಗೆ ಹೋಗ್ತೀನ್ರಿ.”

“ಹೋಗು. ಆದ್ರ ನಾಳೆ ಮೂರಕ್ಕ ನನ್ನ ಜೋಡಿ ಮಾತಾಡಿ ಹೋಗು.”

ಮರುದಿನ ನಳಿನಿ ಎಂಟು ಗೆಳತಿಯರನ್ನು ಪರದೆಯ ಮೇಲೆ ಕರೆತಂದಳು. ಕಮಲಾಕ್ಷಿ ಮೈಕು ಹಾಕದೆಯೇ ಹತ್ತು ನಿಮಿಷ ಕೈ ಬೀಸಿ ಬೀಸಿ ಪಾಠ ಮಾಡಿದಳು. ಒಂಬತ್ತೂ ಜನ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಳಿನಿ ಊರಿಗೆ ಹೋಗಲಿಲ್ಲ.

ಕಮಲಾಕ್ಷಿ ಮನೋವೈದ್ಯರನ್ನು ಕೇಳಿದಳು, ಓದಿದಳು, ನೋಟುಬುಕ್ಕು ತುಂಬಿಸಿದಳು. ದಿನಾ ಮೂರಕ್ಕೆ ಸೇರುವವರು ನಲವತ್ತಾದರು. ಅಂಜಿಕೆಗೊಂದು ಪಾಠ, ಅಳುವಿಗೊಂದು ಪಾಠ. ಸತ್ತವರ ಕಡೆಯವರ ಸಿಟ್ಟನ್ನು ಕೇಳಿಸಿಕೊಳ್ಳುವುದು ಹೇಗೆಂಬ ಪಾಠದಲ್ಲಿ ಗಣಪತಿಯದೇ ಸತ್ತವನ ಮಗನ ಪಾತ್ರ. ರೈಲಿನಲ್ಲಿ ಟಿ.ಸಿ. ಆಗಿ ಜೀವನವಿಡೀ ಬೈಸಿಕೊಂಡವರಿಗೆ ಬೈಯುವುದೆಂದರೆ ಹಬ್ಬ.

“ಎದುರು ಮಾತಾಡಬ್ಯಾಡ್ರಿ, ಸುಮ್ಮನಿರಸಬ್ಯಾಡ್ರಿ,” ಎನ್ನುತ್ತಿದ್ದಳು ಕಮಲಾಕ್ಷಿ. “ಅವರು ಮುಗಿಸೋತನ ಅಲ್ಲೇ ನಿಂದರ್ರಿ.”

*

ಮೂರಾಯಿತು. ಕಮಲಾಕ್ಷಿ ಹೋದ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಪರದೆಯ ಮೇಲೆ ಒಂದು ಮುಖ ಮೂಡಿತು, ಹತ್ತಾದವು, ಐವತ್ತಾದವು.

“ಅಪ್ಪಾ, ನೂರಾ ಎಂಬತ್ತು. ಇನ್ನೂ ಬರಾಕತ್ತಾರ,” ಎಂದ ಅರ್ಪಿತಾಳ ದನಿ ಏರಿತ್ತು. ಶೆಟ್ಟರು ಡಬ್ಬಿ ಕೆಳಗಿಟ್ಟು ಒಳಗೆ ಬಂದು, ಕನ್ನಡಕ ಹಾಕಿಕೊಂಡು ಪರದೆಯತ್ತ ಬಗ್ಗಿದರು. ಸೂರತ್ತಿನ ಹಜೀರಾದವರು, ಅಹಮದಾಬಾದಿನವರು, ಅರ್ಧ ಮುಖಗವಸು ಜಾರಿಸಿದವರು. ಇನ್ನೂರಾ ಮೂವತ್ತಕ್ಕೆ ನಿಂತಿತು.

ಗಣಪತಿ ನೋಟುಬುಕ್ಕು ತೆರೆದರು. “ಸಾವಿನ ಸುದ್ದಿ ಹೇಳಿ ಬಂದ ಮೇಲೆ...” ಎಂದು ಓದಿದವರಿಗೆ ಮುಂದಿನ ಸಾಲು ಕಾಣಲಿಲ್ಲ.

“ಕಾಕಾ,” ನಳಿನಿ ಮೈಕು ತೆರೆದಳು. “ಇವತ್ತೂ ನೀವ ಬೈರಿ. ನಾವು ಕೇಳ್ತೀವಿ.”

ಗಣಪತಿ ಬೈದರು. ಹೇಳದೆ ಹೋದವಳನ್ನು, ನಿನ್ನೆ ಬೆಳಿಗ್ಗೆ ಎದೆ ಉರಿ ಅಂದಾಗ ಜೆಲುಸಿಲ್ ಗುಳಿಗೆ ಕೊಟ್ಟು ಸುಮ್ಮನಾದ ತಮ್ಮನ್ನೇ, ದೇವರನ್ನು. ಯಾರೂ ಎದುರಾಡಲಿಲ್ಲ, ಯಾರೂ ಸುಮ್ಮನಿರಿಸಲಿಲ್ಲ. ಮುಗಿಸಿ ಕಣ್ಣೊರೆಸಿಕೊಂಡಾಗ ಇನ್ನೂರಾ ಮೂವತ್ತು ಜನ ಅಲ್ಲೇ ಇದ್ದರು.

“ನಾಳೆ ಪಾಠ ಯಾರು ಮಾಡ್ತೀರಿ?” ಎಂದು ಗಣಪತಿ ಕೇಳಿದರು.

ಒಂದು ಕೈ ಎದ್ದಿತು. ನಾಲ್ಕು ಎದ್ದವು. ಆಮೇಲೆ ಎಣಿಸಲಾಗಲಿಲ್ಲ. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

ಆ ಗದ್ದಲದ ನಡುವೆ ಎಲ್ಲಿಂದಲೋ ಗೊರಕೆ ಕೇಳಿಸಿತು. ಮಾತು ನಿಂತಿತು. ಮೂಲೆಯ ಚೌಕದಲ್ಲಿ ಹುಡುಗಿಯೊಬ್ಬಳು ಟೋಪಿಯನ್ನೂ ತೆಗೆಯದೆ ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು ಮಲಗಿಬಿಟ್ಟಿದ್ದಳು.

“ಸಂಜನಾ,” ಎಂದು ಪಿಸುಗುಟ್ಟಿದಳು ನಳಿನಿ. “ಮೂರು ದಿನದಿಂದ ಕಣ್ಣು ಮುಚ್ಚಿಲ್ಲರಿ ಆಕಿ.”

ಅರ್ಪಿತಾ ಅವಳ ಮೈಕು ಮುಚ್ಚಲು ಕೈ ಚಾಚಿದಳು. ಗಣಪತಿ ಆ ಕೈ ಹಿಡಿದುಕೊಂಡರು. ಇನ್ನೂರಾ ಮೂವತ್ತು ಚೌಕಗಳಲ್ಲಿ ಯಾರೂ ಅಲುಗಾಡದೆ ಆ ಗೊರಕೆಯನ್ನು ಕೇಳುತ್ತ ಕೂತರು.