ಇನ್ನೊಂಚೂರು ದಪ್ಪ

ನನ್ನ ಗಂಡ ಜಯಕುಮಾರ್ ದೊಡ್ಡಬಳ್ಳಾಪುರದ ಮಗ್ಗದವರಿಗೆ ಸೀರೆ ಅಂಚಿನ ಡಿಸೈನ್ ಬರೆದುಕೊಡುತ್ತಿದ್ದರು. ಗ್ರಾಫ್ ಹಾಳೆಯ ಚೌಕಗಳನ್ನು ಒಂದೊಂದಾಗಿ ತುಂಬಿ ಮಾವಿನಕಾಯಿ, ನವಿಲು ಮೂಡಿಸುವ ಕೆಲಸ. ತೊಂಬತ್ತಮೂರರಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿಯವರು ಅದನ್ನು ನೋಡಿ, ಕನ್ನಡ ಅಕ್ಷರಗಳನ್ನೂ ಹೀಗೇ ಬರೆದುಕೊಡಿ ಅಂದರು. ಕಂಪ್ಯೂಟರ್ ಪರದೆಯೂ ಚೌಕಗಳದ್ದೇ ಅಂತೆ. ಪುಸ್ತಕದಲ್ಲೂ ಪರದೆಯ ಮೇಲೂ ಒಂದೇ ಅಕ್ಷರ ಚೆನ್ನಾಗಿ ಕಾಣಬೇಕು ಅನ್ನುವುದು ಅವರ ಷರತ್ತು. ಈ ಮನುಷ್ಯ ಊಟ, ನಿದ್ದೆ ಬಿಟ್ಟು ಕೂತುಬಿಟ್ಟರು.

ಓದಿ ನೋಡಲು ಒಬ್ಬರು ಬೇಕಿತ್ತು. ನಮ್ಮತ್ತೆ ಮುನಿತಾಯಮ್ಮ ಸಿಕ್ಕರು. ಆಗಷ್ಟೇ ಸಾಕ್ಷರತಾ ಕ್ಲಾಸಿಗೆ ಹೋಗಿ ಅಕ್ಷರ ಕಲಿತಿದ್ದ ಅತ್ತೆ ಅಂಗಡಿ ಬೋರ್ಡು, ಬೆಂಕಿಪೊಟ್ಟಣ, ಬಸ್ಸಿನ ಹಣೆ ಯಾವುದನ್ನೂ ಓದದೆ ಬಿಡುತ್ತಿರಲಿಲ್ಲ. ಅವರ ಜೊತೆ ಸಂತೆಗೆ ಹೋದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೇ.

"ಅವ್ವ ಓದಿದ್ರೆ ಲೋಕಾನೇ ಓದ್ತದೆ," ಅನ್ನುವುದು ಇವರ ಲೆಕ್ಕ.

ಮೊದಮೊದಲು ಅತ್ತೆ ಸರಾಗವಾಗಿ ಓದಿದರು. ಮಳೆಗಾಲ ಕಳೆಯುವ ಹೊತ್ತಿಗೆ ತಕರಾರು ಶುರುವಾಯಿತು.

"ಏನ್ಲಾ ಇದು, ಅಂಚೆಲ್ಲ ಸವ್ದೋಗೈತೆ. ಇನ್ನೊಂಚೂರು ದಪ್ಪ ಮಾಡು."

ಇವರು ಗೆರೆ ದಪ್ಪ ಮಾಡಿದರು. ಅಕ್ಷರದ ಒಳಗಿನ ಬಿಳಿ ಸಾಲದು ಅಂತ ಅತ್ತೆ ಅಂದರು, ಇವರು ಅಗಲ ಮಾಡಿದರು. ಒತ್ತಕ್ಷರ ಕಾಣದು ಅಂದರು, ಅಷ್ಟನ್ನೂ ಹೊಸದಾಗಿ ಬರೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಡುಗೆಮನೆಯಲ್ಲೇ ಗೊಣಗಿಕೊಂಡೆ. ಬಾಯಿಬಿಟ್ಟು ಹೇಳಿದ್ದು ಇಷ್ಟೇ: "ಅತ್ತೆ, ಕಣ್ಣು ತೋರುಸ್ಕೊಂಡು ಬರೋಣ ಬನ್ನಿ."

"ಮಗ್ಗದಾಗೆ ಹರಿದ ಎಳೆ ಹುಡುಕಿ ಕಟ್ಟಿದ ಕಣ್ಣು ಕಣಮ್ಮಿ ಇವು. ಇವುಕ್ಕೇನಾಗೈತೆ?"

ಇವರೂ ತಾಯಿಯ ಪರವೇ. ಬಟ್ಟೆಯಲ್ಲಿ ಹೂವು ಕೆಟ್ಟರೆ ಮೊದಲು ಗ್ರಾಫ್ ನೋಡು ಎಂದು ಅಪ್ಪನಿಂದ ಏಟು ತಿಂದು ಕಲಿತವರು.

"ತಪ್ಪು ನನ್ ಗ್ರಾಫಲ್ಲೇ ಐತೆ, ಸುಮ್ನಿರೆ," ಅಂತ ರಬ್ಬರ್ ಹಿಡಿದು ಕೂತರು. ನನಗೆ ಮೈಯೆಲ್ಲ ಉರಿಯಿತು.

ಒಂದು ಬೆಳಿಗ್ಗೆ ಅತ್ತೆ ತೆರೆದ ಬಾಗಿಲು ಬಿಟ್ಟು ಗೋಡೆಗೆ ಹೋಗಿ ಹಣೆ ಒಡೆದುಕೊಂಡರು. ಬೆಂಗಳೂರಿನ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಮಳೆಗಾಲಕ್ಕೇ ಕರೆತಂದಿದ್ದರೆ ಉಳಿಸಬಹುದಿತ್ತು, ಇನ್ನು ದೃಷ್ಟಿ ಬರುವುದಿಲ್ಲ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ, "ಅದ್ಯಾವ ಅಂಗ್ಡಿ, ಬೋರ್ಡು ಓದ್ಲಾ," ಅಂತ ಮಗನನ್ನು ಕೇಳುತ್ತಲೇ ಇದ್ದರು.

ಅಕ್ಷರಗಳು ಮಾತ್ರ ಗೆದ್ದವು. ಇಷ್ಟು ಸ್ಪಷ್ಟವಾದ ಕನ್ನಡವನ್ನು ಪರದೆಯ ಮೇಲೆ ಕಂಡೇ ಇರಲಿಲ್ಲ, ಅಚ್ಚಿನಲ್ಲೂ ಅಷ್ಟೇ ಚೆನ್ನ, ಕಣ್ಣು ಮಂಜಾದವರೂ ಓದಬಹುದು ಎಂದು ಕಂಪನಿಯವರು ಕೈಕುಲುಕಿ, ಅಚ್ಚಾದ ಮೊದಲ ಹಾಳೆ ಕೊಟ್ಟು ಕಳಿಸಿದರು. ಇವರು ಮನೆಗೆ ಬಂದವರೇ ಗೋಡೆಗೆ ಒರಗಿ ಅತ್ತರು.

"ಅವ್ವನ ಕಣ್ಣು ಹೋಗ್ತಾ ಹೋಗ್ತಾ ಇವು ಚೆನ್ನಾದ್ವು ಕಣೆ."

ಬಯ್ಯಬೇಕು ಅಂದುಕೊಂಡಿದ್ದ ನಾನು ಸೆರಗಿನಿಂದ ಇವರ ಮುಖ ಒರೆಸಿದೆ. ಹಾಳೆಯನ್ನು ನನ್ನ ಕೈಗಿಟ್ಟು, "ನೀನೇ ಕೊಡು, ನನ್ ಕೈಲಾಗಲ್ಲ," ಅಂದರು.

ಪಡಸಾಲೆಯಲ್ಲಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಎದುರಿಗೆ ನೋಡುತ್ತಾ ಹೇಳಿದರು:

"ಈಗ ಸರಿಯಾಗೈತೆ ಕಣಪ್ಪ. ಒಂದೊಂದೂ ಮುತ್ತಿದ್ದಂಗೆ ಕಾಣ್ತೈತೆ. ಇನ್ ತಿದ್ಬೇಡ, ಬಿಡು."

ಹಾಳೆ ಇನ್ನೂ ನನ್ನ ಕೈಯಲ್ಲೇ ಇತ್ತು.